ಬಂಪರ್‌ಗೆ ಪೇಂಟ್ ರಿಮೂವರ್ ಬಳಿಯೋ ಪುಣ್ಯಾತ್ಮರೇ, ಸ್ವಲ್ಪ ನಿಲ್ಲಿ

ನಮಸ್ಕಾರ, ನಮಸ್ಕಾರ. ಇವತ್ತು ಬೇರೆ ವಿಷ್ಯ ಮಾತಾಡೋಣ ಅಂತಿದ್ದೆ. ಆದ್ರೆ ಹೋದ ವಿಡಿಯೋ ಕೆಳಗೆ ಒಬ್ರು ಬರೆದಿದಾರೆ: "ಗುರೂ, ಬಂಪರ್ ಬಣ್ಣ ತೆಗೆಯೋಕೆ ಎರಡು ದಿನ ಉಜ್ತಾ ಕೂತಿದ್ಯಲ್ಲ, ರಿಮೂವರ್ ಬಳಿದ್ರೆ ಹತ್ತು ನಿಮಿಷದ ಕೆಲ್ಸ." ಅದಕ್ಕೆ ಲೈಕು ಬೇರೆ, ರಾಶಿ ರಾಶಿ!

ಹೌದು ಸ್ವಾಮಿ. ಹತ್ತು ನಿಮಿಷದಲ್ಲಿ ಬಣ್ಣಾನೂ ಹೋಗುತ್ತೆ, ಬಂಪರೂ ಹೋಗುತ್ತೆ.

ಉಕ್ಕಿನ ಬಾನೆಟ್‌ಗೆ ಬಳೀರಿ, ಬೇಡ ಅಂದೋರ್ಯಾರು? ಬಣ್ಣ ಗುಳ್ಳೆ ಎದ್ದು ಬರುತ್ತೆ, ಉಕ್ಕಿಗೇನೂ ಆಗಲ್ಲ. ಬಂಪರ್ ಪ್ಲಾಸ್ಟಿಕ್ಕು. ಬಣ್ಣದ ಪದರಾನೂ ಒಂಥರಾ ಪ್ಲಾಸ್ಟಿಕ್ಕೇ ಕಣ್ರಿ! ಮೇಲಿಂದನ್ನ ಕರಗಿಸೋ ದ್ರವಕ್ಕೆ, ಇಲ್ಲಿಗೆ ನಿಲ್ಲಿಸ್ಬೇಕು ಅಂತ ಹೇಳೋರ್ಯಾರು?

ನಾನೂ ಒಮ್ಮೆ ಬಳಿದಿದ್ದೆ, ಮುಚ್ಚುಮರೆ ಏನಿಲ್ಲ. ಯುರೇಥೇನ್ ಅನ್ನೋ ಪ್ಲಾಸ್ಟಿಕ್‌ನ ಬಂಪರ್. ಒರೆಸಿ ಎತ್ತಿದೆ, ನನ್ನ ಹೆಬ್ಬೆರಳಿನ ಗೆರೆ ಗೆರೆಯೂ ಅದರ ಮೇಲೆ ಅಚ್ಚೊತ್ತಿತ್ತು. ಆಧಾರ ಇಲ್ದೇನೇ ಆಧಾರ್! ಒಣಗಿದ್ಮೇಲೆ ಹೊಸ ಬಣ್ಣ ಹೊಡೆದೆ. ಒಳಗೆ ಇಂಗಿದ್ದ ರಿಮೂವರ್ ನಿಧಾನಕ್ಕೆ ಹೊರಗೆ ಬಂದು, ಆ ಬಣ್ಣಾನೂ ಗುಳ್ಳೆ.

"ನಾನು ಬಳಿದೆ, ಏನೂ ಆಗಿಲ್ಲ" ಅಂತೀರಾ? ನಿಮ್ಮದು ಪಿಪಿ, ಅಂದ್ರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಇರ್ಬೇಕು, ಅದು ಸ್ವಲ್ಪ ಗಟ್ಟಿ ಜೀವ. ಎಬಿಎಸ್ ಅನ್ನೋ ಇನ್ನೊಂದು ಜಾತಿ ಪ್ಲಾಸ್ಟಿಕ್ ಆಗಿದ್ರೆ, ಕರಗಿದ್ಮೇಲೆ ಗೊತ್ತಾಗ್ತಿತ್ತು. ಬಂಪರ್ ತಿರುಗಿಸಿ ಒಳಮೈ ನೋಡಿ, ಅಕ್ಷರ ಅಚ್ಚು ಹಾಕಿರ್ತಾರೆ: ಪಿಪಿ, ಇಪಿಡಿಎಂ (ಒಂಥರಾ ರಬ್ಬರು), ಪಿಯುಆರ್ (ಅದೇ ಯುರೇಥೇನ್), ಎಬಿಎಸ್. ತಿರುಗಿಸಿ ನೋಡೋಕೂ ಸೋಮಾರಿತನ, ಕಾಮೆಂಟ್ ಮಾತ್ರ ಉದ್ದ! "ಪ್ಲಾಸ್ಟಿಕ್‌ಗೆ ಅಂತಾನೇ ರಿಮೂವರ್ ಬರುತ್ತಲ್ಲ"... ಬರುತ್ತೆ ಮಹರಾಯ, ನೀವು ಬಳಿಯೋಕೆ ಹೊರಟಿದ್ದು ಅದನ್ನಾ? ಅದನ್ನೂ ಒಳಮೈಲಿ ಒಂದು ಮೂಲೆಗೆ ಹಚ್ಚಿ ನೋಡ್ಬೇಕು. ಬಿಸಿ ಗಾಳಿ ಊದೋ ಹೀಟ್ ಗನ್ ಹಿಡೀತೀನಿ ಅನ್ನೋರು ದಯವಿಟ್ಟು ಹೊರಗಿರಿ. ಬಂಪರ್ ಜೋತುಬಿದ್ರೆ ಮತ್ತೆ ಕ್ಲಿಪ್ಪಿಗೆ ಕೂರಲ್ಲ.

ಉಜ್ಜಿ! ಮೊದಲು ಸೋಪು ನೀರು, ಆಮೇಲೆ ಜಿಡ್ಡು ತೆಗೆಯೋ ದ್ರವ. ಇಲ್ಲಾಂದ್ರೆ ವ್ಯಾಕ್ಸನ್ನೇ ಪ್ಲಾಸ್ಟಿಕ್ ಒಳಗೆ ಉಜ್ಜಿ ತುಂಬ್ತೀರಿ. ಸಿಪ್ಪೆ ಏಳ್ತಿರೋ ಕಡೆ ಬ್ಲೇಡ್ ಮಲಗಿಸಿ ತಳ್ಳಿ, ಹಾಳೆ ಹಾಳೆಯಾಗಿ ಬರುತ್ತೆ, ಅದರ ಸುಖಾನೇ ಬೇರೆ. ಉಳಿದದ್ದಕ್ಕೆ 180 ನಂಬರ್ ಸ್ಯಾಂಡ್ ಪೇಪರ್, ಆಮೇಲೆ 320. ಮಿಷಿನ್ ಆದ್ರೆ ನಿಧಾನ. ಬಿಸಿಯಾದ್ರೆ ಪಿಪಿ ಕಂಬಳಿ ಥರ ನಾರು ಏಳುತ್ತೆ. ಗಟ್ಟಿ ಕೂತಿರೋ ಹಳೇ ಬಣ್ಣ ತೆಗೆಯೋದೇ ಬೇಡ, ಅಂಚು ಸವರಿ 400 ಹಾಕಿ, ಮೇಲೇ ಹೊಡೀರಿ. ಆದ್ರೆ ಬಣ್ಣ ಹೋಗಿ ಬರಿ ಪಿಪಿ ಕಂಡ ಕಡೆ ಅಡ್ಹೀಷನ್ ಪ್ರೊಮೋಟರ್, ಅಂದ್ರೆ ಬಣ್ಣ ಹಿಡಿದು ಕೂರೋ ಹಾಗೆ ಮಾಡೋ ಕೋಟು, ಮರೀಬೇಡಿ.

ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ರಿಮೂವರ್ ಒತ್ತಾಯ ಮಾಡೋರೂ ಒತ್ತಿ, ನನಗೇನು! ಆದ್ರೆ ಬಳೀಬೇಡಿ. ಯಾಕೆ ಅಂದ್ರೆ... ಬಳೀಬೇಡಿ ಅಷ್ಟೇ! ನಾನು ಹೇಳ್ತಿದೀನಿ!

ಒಂದು ನಿಮಿಷ, ಈಗ್ಲೇ ಇನ್ನೊಂದು ಕಾಮೆಂಟ್ ಬಂತು. "ಅಣ್ಣಾ, ರಿಮೂವರ್ ಬೇಡ ಸರಿ, ಥಿನ್ನರ್‌ನಲ್ಲಿ ರಾತ್ರಿಯೆಲ್ಲ ನೆನೆಸಿಟ್ರೆ?"

ಕ್ಯಾಮೆರಾ ಆಫ್ ಮಾಡ್ರೋ.