ಲಿಲರ್ಡ್ ಆ ತಂಡಕ್ಕೆ ಒಗ್ಗಿದ್ದರೇ?

ಈ ಬಿಳಿ ಹಲಗೆಯ ಮೇಲೆ ಬ್ಯಾಸ್ಕೆಟ್‌ಬಾಲ್ ಅಂಕಣದ ಅರ್ಧಭಾಗವನ್ನು ಬರೆದುಕೊಂಡಿದ್ದೇನೆ. ಹಸಿರು ಬಿಲ್ಲೆಗಳು ಐದು, ಅವು ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಆಡುವ ಮಿಲ್ವಾಕೀ ಬಕ್ಸ್ ತಂಡದವು. ಕೆಂಪು ಬಿಲ್ಲೆಗಳು ಐದು, ಅವು ಎದುರಾಳಿಗಳವು. ಇವತ್ತಿನ ವಿಡಿಯೊದಲ್ಲಿ ನಾನು ಮಾತನಾಡುವುದು ಹಸಿರು ಬಿಲ್ಲೆಗಳಲ್ಲಿ ಒಂದರ ಬಗ್ಗೆ, ಅಂದರೆ ಚೆಂಡನ್ನು ಮುಂದಕ್ಕೆ ತಂದು ಅದು ಯಾರ ಕೈಗೆ ಯಾವಾಗ ಹೋಗಬೇಕೆಂದು ನಿರ್ಧರಿಸುವ ಪಾಯಿಂಟ್ ಗಾರ್ಡ್ ಬಗ್ಗೆ. ಡೇಮಿಯನ್ ಲಿಲರ್ಡ್ ಆ ತಂಡಕ್ಕೆ ಒಗ್ಗಿದ್ದರೇ ಎಂಬ ವಿಷಯದಲ್ಲಿ ನನಗೂ ನನ್ನ ಅಣ್ಣನಿಗೂ 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ವಾದ ಇನ್ನೂ ಮುಗಿದಿಲ್ಲ.

ಆ ತಿಂಗಳ ಕೊನೆಯಲ್ಲಿ ಬಕ್ಸ್ ತಂಡವು ತನ್ನ ಪಾಯಿಂಟ್ ಗಾರ್ಡ್ ಜ್ರೂ ಹಾಲಿಡೇ ಅವರನ್ನು ಬಿಟ್ಟುಕೊಟ್ಟು, ಅವರ ಜೊತೆಗೆ ಗ್ರೇಸನ್ ಆಲನ್ ಅವರನ್ನೂ 2029ರಲ್ಲಿ ಹೊಸ ಆಟಗಾರರನ್ನು ಆರಿಸುವಾಗಿನ ಮೊದಲ ಸುತ್ತಿನ ಆಯ್ಕೆಯ ಹಕ್ಕನ್ನೂ ಕೊಟ್ಟು, ಪೋರ್ಟ್‌ಲ್ಯಾಂಡ್‌ನಿಂದ ಲಿಲರ್ಡ್ ಅವರನ್ನು ತಂದುಕೊಂಡಿತು. ಅಣ್ಣನ ಸಂತೋಷಕ್ಕೆ ಪಾರವಿರಲಿಲ್ಲ. ಅವನ ಲೆಕ್ಕ ಸರಳವಾಗಿತ್ತು: ಬಕ್ಸ್‌ನ ತಾರೆ ಯಾನಿಸ್ ಅಂಟೆಟೊಕುಂಪೊ ರಿಂಗ್ ಕಡೆಗೆ ನುಗ್ಗಿದರೆ ತಡೆಯುವವರಿಲ್ಲ, ಲಿಲರ್ಡ್ ದೂರದಿಂದ ಎಸೆದರೆ ತಡೆಯುವವರಿಲ್ಲ, ಇಬ್ಬರೂ ಒಟ್ಟಿಗೆ ಆಡಿದರೆ ಎದುರಾಳಿ ಯಾರನ್ನು ಹಿಡಿಯಬೇಕು? ಮೊದಲ ಪಂದ್ಯದಲ್ಲಿ ಫಿಲಡೆಲ್ಫಿಯಾ ವಿರುದ್ಧ ಲಿಲರ್ಡ್ 39 ಅಂಕ ಗಳಿಸಿ, ತಂಡ 118-117ರಿಂದ ಗೆದ್ದಾಗ, "ಇನ್ನೇನು ಹೇಳುತ್ತೀಯ?" ಎಂದು ಅವನು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಇದ್ದದ್ದು ಒಂದು ಅಳುಕು ಮಾತ್ರ.

ಆ ಅಳುಕಿನ ಮೂಲ 2021ರ ಎನ್‌ಬಿಎ ಫೈನಲ್ ಸರಣಿಯಲ್ಲಿದೆ. ಫೀನಿಕ್ಸ್ ವಿರುದ್ಧದ ನಾಲ್ಕನೇ ಪಂದ್ಯದಲ್ಲಿ ಹಾಲಿಡೇ 20 ಬಾರಿ ಎಸೆದು 4 ಬಾರಿ ಮಾತ್ರ ಚೆಂಡನ್ನು ಒಳಗೆ ಹಾಕಿದ್ದರು. ಪಾಯಿಂಟ್ ಗಾರ್ಡ್ ಅಷ್ಟು ಕೆಟ್ಟದಾಗಿ ಎಸೆದ ದಿನ ತಂಡ ಸೋಲಬೇಕು. ಆದರೆ ಬಕ್ಸ್ ಗೆದ್ದಿತು, ಏಕೆಂದರೆ ಹಾಲಿಡೇ ಪಂದ್ಯದುದ್ದಕ್ಕೂ ಫೀನಿಕ್ಸ್‌ನ ಪಾಯಿಂಟ್ ಗಾರ್ಡ್ ಕ್ರಿಸ್ ಪಾಲ್ ಅವರ ಮೈಗಂಟಿಕೊಂಡೇ ಇದ್ದು, ಪಾಲ್‌ಗೆ ನೆಮ್ಮದಿಯಿಂದ ಆಟ ಕಟ್ಟಲು ಬಿಡಲಿಲ್ಲ. ಐದನೇ ಪಂದ್ಯದ ಕೊನೆಯ ಕ್ಷಣಗಳನ್ನು ಹಲಗೆಯ ಮೇಲೆ ಇಟ್ಟು ತೋರಿಸುತ್ತೇನೆ. ಬಕ್ಸ್ 120, ಫೀನಿಕ್ಸ್ 119. ಚೆಂಡು ಫೀನಿಕ್ಸ್‌ನ ಡೆವಿನ್ ಬುಕರ್ ಕೈಯಲ್ಲಿದೆ. ಬಕ್ಸ್‌ನ ಪಿ. ಜೆ. ಟಕ್ಕರ್ ಅವರ ಕಾವಲನ್ನು ತಪ್ಪಿಸಿಕೊಳ್ಳಲು ಬುಕರ್ ರಿಂಗ್ ಸಮೀಪದಲ್ಲಿ ಮೈ ತಿರುಗಿಸುತ್ತಾರೆ. ತಿರುಗಿದ ಜಾಗದಲ್ಲಿ ಹಾಲಿಡೇ ನಿಂತಿರುತ್ತಾರೆ. ಎರಡೂ ಕೈಗಳಿಂದ ಚೆಂಡನ್ನು ಹಿಡಿದು ಕಿತ್ತುಕೊಳ್ಳುತ್ತಾರೆ. ಆಗ ಚೆಂಡನ್ನು ಇಟ್ಟುಕೊಂಡು ಸಮಯ ಕಳೆಯಬಹುದಿತ್ತು, ಬಹುಪಾಲು ಆಟಗಾರರು ಹಾಗೆಯೇ ಮಾಡುತ್ತಿದ್ದರು. ಹಾಲಿಡೇ ಮಾತ್ರ ಅಂಕಣದ ಇನ್ನೊಂದು ತುದಿಗೆ ಓಡುತ್ತ, ಬಲಗಡೆಯಿಂದ ಬರುತ್ತಿದ್ದ ಯಾನಿಸ್ ಅವರಿಗೆ ರಿಂಗ್‌ಗಿಂತ ಮೇಲೆ ಚೆಂಡನ್ನು ತೇಲಿಬಿಟ್ಟರು. ಯಾನಿಸ್ ಅದನ್ನು ಗಾಳಿಯಲ್ಲೇ ಹಿಡಿದು ಒಳಗೆ ತುರುಕಿದರು. ಪಂದ್ಯ 123-119ಕ್ಕೆ ಮುಗಿಯಿತು, ಮೂರು ದಿನಗಳ ನಂತರ ಮಿಲ್ವಾಕೀ 50 ವರ್ಷಗಳ ಬಳಿಕ ಮತ್ತೆ ಚಾಂಪಿಯನ್ ಆಯಿತು.

ಈ ಒಂದು ಆಟದಲ್ಲಿ ನನಗೆ ಕಾಣುವುದು ಹಾಲಿಡೇ ಅವರ ಚುರುಕು ಕೈ ಮಾತ್ರವಲ್ಲ. ಉಳಿದ ನಾಲ್ವರಿಗೆ ತಾವು ಚೆನ್ನಾಗಿ ಬಲ್ಲ ಕೆಲಸವನ್ನೇ ಮಾಡಲು ಅವಕಾಶ ಸಿಕ್ಕಿತ್ತು ಎಂಬುದು ಮುಖ್ಯ. ಪಾಯಿಂಟ್ ಗಾರ್ಡ್ ತಂಡಕ್ಕೆ ಒಗ್ಗುತ್ತಾರೆಯೇ ಎಂದು ಕೇಳುವಾಗ ನಾವು ಸಾಮಾನ್ಯವಾಗಿ ಅವರ ಅಂಕಗಳನ್ನೂ ಅಸಿಸ್ಟ್‌ಗಳನ್ನೂ, ಅಂದರೆ ಬೇರೆಯವರ ಅಂಕಕ್ಕೆ ದಾರಿಮಾಡಿದ ಪಾಸ್‌ಗಳನ್ನೂ, ಎಣಿಸುತ್ತೇವೆ. ನಾನು ನೋಡುವುದು ಉಳಿದ ನಾಲ್ವರ ಕಾಲುಗಳನ್ನು. ಅವರು ತಮ್ಮ ಜಾಗದಲ್ಲಿ ನಿಂತಿದ್ದಾರೆಯೇ, ಅಥವಾ ಬೇರೊಬ್ಬರ ಜಾಗವನ್ನು ತುಂಬಲು ಓಡುತ್ತಿದ್ದಾರೆಯೇ?

ಇಲ್ಲಿ ಲಿಲರ್ಡ್ ಅವರ ವಿಷಯಕ್ಕೆ ಬರುತ್ತೇನೆ. ಆಗ ಬಕ್ಸ್ ರಕ್ಷಣೆಯ ಬೆನ್ನೆಲುಬಾಗಿದ್ದವರು ಬ್ರೂಕ್ ಲೋಪೆಜ್, 7 ಅಡಿಗೂ ಮೀರಿದ ಎತ್ತರದ ಸೆಂಟರ್, ಅಂದರೆ ರಿಂಗ್ ಬಳಿ ಕಾಯುವ ಆಟಗಾರ. ಎದುರಾಳಿ ಗಾರ್ಡ್‌ಗೆ ಅವರ ತಂಡದವರೊಬ್ಬರು ಸ್ಕ್ರೀನ್ ಹಾಕಿದಾಗ, ಅಂದರೆ ಅವರನ್ನು ಕಾಯುತ್ತಿರುವವರ ದಾರಿಗೆ ಅಡ್ಡ ನಿಂತಾಗ, ಲೋಪೆಜ್ ಮುಂದೆ ಬರುತ್ತಿರಲಿಲ್ಲ, ರಿಂಗ್ ಕಡೆಗೆ ಹಿಂದೆ ಸರಿದು ನಿಲ್ಲುತ್ತಿದ್ದರು. ಇದನ್ನು ಡ್ರಾಪ್ ಎನ್ನುತ್ತಾರೆ. ಆದರೆ ಈ ವ್ಯವಸ್ಥೆ ನಡೆಯಬೇಕಾದರೆ ಒಂದು ಷರತ್ತಿದೆ: ಚೆಂಡು ಹಿಡಿದವರನ್ನು ಕಾಯುತ್ತಿರುವ ಗಾರ್ಡ್ ಸ್ಕ್ರೀನಿಗೆ ಸಿಕ್ಕಿಹಾಕಿಕೊಳ್ಳದೆ ಅದಕ್ಕೂ ಚೆಂಡು ಹಿಡಿದವರಿಗೂ ನಡುವೆ ನುಸುಳಿ ಬಂದು ಹಿಂದಿನಿಂದ ಒತ್ತಡ ಹಾಕುತ್ತಲೇ ಇರಬೇಕು. ಹಾಲಿಡೇ ಭುಜವನ್ನು ಮೊದಲು ತೂರಿಸಿ, ಸ್ಕ್ರೀನ್ ಹಾಕಿದವರ ಸೊಂಟಕ್ಕೆ ಉಜ್ಜಿಕೊಂಡೇ ಹೊರಬರುತ್ತಿದ್ದರು. ಲಿಲರ್ಡ್ ಸಿಕ್ಕಿಬೀಳುತ್ತಿದ್ದರು. ಈ ಕೆಂಪು ಬಿಲ್ಲೆಯನ್ನು ನೋಡಿ: ಹಿಂದೆ ಯಾರೂ ಇಲ್ಲ, ಮುಂದೆ ಲೋಪೆಜ್ ದೂರದಲ್ಲಿದ್ದಾರೆ, ನಡುವೆ ಒಂದು ಕೋಣೆಯಷ್ಟು ಖಾಲಿ ಜಾಗ. ಲೋಪೆಜ್ ಮುಂದೆ ಬಂದರೆ ರಿಂಗ್ ತೆರವಾಗುತ್ತದೆ, ಅದನ್ನು ಕಾಯಲು ಯಾನಿಸ್ ಓಡಬೇಕು, ಯಾನಿಸ್ ಬಿಟ್ಟ ಮೂಲೆಗೆ ಮತ್ತೊಬ್ಬರು ಓಡಬೇಕು. ಒಬ್ಬರು ಅರ್ಧ ಹೆಜ್ಜೆ ತಡವಾಗಿದ್ದಕ್ಕೆ ಐವರೂ ಸ್ಥಾನ ತಪ್ಪುತ್ತಾರೆ.

2022-23ರಲ್ಲಿ 58 ಪಂದ್ಯ ಗೆದ್ದಿದ್ದ ತಂಡ ಮುಂದಿನ ವರ್ಷ 49ಕ್ಕೆ ಇಳಿಯಿತು. ಇದಕ್ಕೆ ಲಿಲರ್ಡ್ ಒಬ್ಬರನ್ನೇ ಹೊಣೆ ಮಾಡುವುದು ಅನ್ಯಾಯ. ಆಡ್ರಿಯನ್ ಗ್ರಿಫಿನ್ ಮೊದಲ ಬಾರಿಗೆ ಮುಖ್ಯ ಕೋಚ್ ಆಗಿದ್ದರು. 30 ಗೆಲುವು, 13 ಸೋಲು ಇದ್ದಾಗಲೇ ಅವರನ್ನು ತೆಗೆದು ಡಾಕ್ ರಿವರ್ಸ್ ಅವರನ್ನು ತಂದರು. ಅರ್ಧ ಋತುವಿನಲ್ಲಿ ಕೋಚ್ ಬದಲಾದರೆ ಯಾವ ಗಾರ್ಡ್‌ಗೂ ಕಷ್ಟವೇ.

ಅಣ್ಣನ ವಾದದಲ್ಲೂ ಹುರುಳಿದೆ, ಅದನ್ನು ಮುಚ್ಚಿಡಲಾರೆ. 2023ರ ಪ್ಲೇಆಫ್‌ನ, ಅಂದರೆ ಋತುವಿನ ಕೊನೆಯ ನಾಕೌಟ್ ಹಂತದ, ಮೊದಲ ಸುತ್ತಿನಲ್ಲಿ ಎಂಟನೇ ಶ್ರೇಯಾಂಕದ ಮಯಾಮಿ 4-1ರಿಂದ ಬಕ್ಸ್ ತಂಡವನ್ನು ಮನೆಗೆ ಕಳಿಸಿದಾಗ, ನಾಲ್ಕನೇ ಪಂದ್ಯವೊಂದರಲ್ಲೇ ಜಿಮ್ಮಿ ಬಟ್ಲರ್ 56 ಅಂಕ ಗಳಿಸಿದ್ದರು, ಅವರನ್ನು ತಡೆಯುವ ಹೊಣೆಯ ಬಹುಪಾಲು ಹಾಲಿಡೇ ಅವರದೇ ಆಗಿತ್ತು. "ನೀನು ಹೊಗಳುವ ಆ ರಕ್ಷಣೆ ಆಗ ಎಲ್ಲಿತ್ತು?" ಎಂದು ಅಣ್ಣ ಕೇಳುತ್ತಾನೆ. ಕೊನೆಯ ನಿಮಿಷಗಳಲ್ಲಿ ಅಂಕ ತರಬಲ್ಲ ಒಬ್ಬರು ಬೇಕು ಎಂದು ತಂಡಕ್ಕೆ ಅನಿಸಿದ್ದು ಸುಳ್ಳಲ್ಲ. 2024ರ ಪ್ಲೇಆಫ್‌ನಲ್ಲಿ ಯಾನಿಸ್ ಗಾಯಗೊಂಡು ಹೊರಗಿದ್ದಾಗ, ಇಂಡಿಯಾನಾ ವಿರುದ್ಧದ ಮೊದಲ ಪಂದ್ಯದ ಮೊದಲಾರ್ಧದಲ್ಲೇ ಲಿಲರ್ಡ್ 35 ಅಂಕ ಗಳಿಸಿದರು. ಅಂಥದ್ದನ್ನು ಹಾಲಿಡೇ ಅವರಿಂದ ನಿರೀಕ್ಷಿಸುವಂತಿರಲಿಲ್ಲ.

ಆದರೂ ದಾಳಿಯಲ್ಲಿಯೂ ಆ ಜೋಡಿ ಅಣ್ಣ ಎಣಿಸಿದಷ್ಟು ಸರಾಗವಾಗಿ ಕೂಡಲಿಲ್ಲ. ಪೋರ್ಟ್‌ಲ್ಯಾಂಡ್‌ನಲ್ಲಿ ಲಿಲರ್ಡ್‌ಗೆ ಗಟ್ಟಿಯಾಗಿ ಸ್ಕ್ರೀನ್ ಹಾಕಿ, ಅವರಿಗೆ ಎಸೆಯಲು ಬಿಡುವು ಮಾಡಿಕೊಡುವುದನ್ನೇ ಕಾಯಕ ಮಾಡಿಕೊಂಡ ಸೆಂಟರ್‌ಗಳಿದ್ದರು. ಯಾನಿಸ್ ಹಾಗಲ್ಲ, ಚೆಂಡನ್ನು ತಾವೇ ಹಿಡಿದು ದೂರದಿಂದ ಓಡಿಬಂದು ನುಗ್ಗುವುದು ಅವರ ಬಲ. ಅವರು ಸ್ಕ್ರೀನ್ ಹಾಕಲು ಬಂದು, ಪೂರ್ತಿ ನಿಲ್ಲುವ ಮೊದಲೇ ರಿಂಗ್ ಕಡೆಗೆ ಜಾರಿಬಿಡುವುದನ್ನು ನಾನು ಎಷ್ಟೋ ಸಲ ವಿಡಿಯೊ ನಿಲ್ಲಿಸಿ ನೋಡಿದ್ದೇನೆ. ಲಿಲರ್ಡ್‌ಗೆ ಬೇಕಾಗಿದ್ದ ಆ ಅರ್ಧ ಗಳಿಗೆ ಸಿಗುತ್ತಿರಲಿಲ್ಲ. ಇಬ್ಬರಲ್ಲಿ ಯಾರದೂ ತಪ್ಪಲ್ಲ, ಇಬ್ಬರೂ ಹತ್ತು ವರ್ಷ ಬೇರೆ ಬೇರೆ ಅಭ್ಯಾಸದಲ್ಲಿ ಬೆಳೆದವರು.

ಇತ್ತ ಹಾಲಿಡೇ ಪೋರ್ಟ್‌ಲ್ಯಾಂಡ್‌ನಲ್ಲಿ ಉಳಿಯದೆ ಬಾಸ್ಟನ್ ಸೇರಿದರು. ಅಲ್ಲಿ ಚೆಂಡು ಬಹುಪಾಲು ಬೇರೆಯವರ ಕೈಯಲ್ಲಿರುತ್ತಿತ್ತು. ಅವರ ಸರಾಸರಿ ಅಂಕ 19.3ರಿಂದ 12.5ಕ್ಕೆ ಇಳಿಯಿತು, ಮೂರು ಅಂಕದ ಎಸೆತಗಳ ಯಶಸ್ಸು ಮಾತ್ರ ಶೇ. 42.9ಕ್ಕೆ ಏರಿತು. ಮೂಲೆಯಲ್ಲಿ ನಿಂತು ಕಾಯುವುದನ್ನೂ ತಮಗಿಂತ ಎತ್ತರದವರನ್ನು ತಡೆಯುವುದನ್ನೂ ಅವರು ಹೊಸ ಕೆಲಸವೆಂದು ಒಪ್ಪಿಕೊಂಡರು, 2024ರಲ್ಲಿ ಬಾಸ್ಟನ್ ಚಾಂಪಿಯನ್ ಆಯಿತು. ಅದನ್ನು ನೋಡುವಾಗ ಮಿಲ್ವಾಕೀ ಕಳೆದುಕೊಂಡದ್ದು ಎಷ್ಟು ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಲಿಲರ್ಡ್ ಆ ತಂಡಕ್ಕೆ ಒಗ್ಗಲಿಲ್ಲ ಎಂಬುದೇ ನನ್ನ ಅಭಿಪ್ರಾಯ. ಅಣ್ಣ ಇದಕ್ಕೆ ಕೊಡುವ ಕೊನೆಯ ಉತ್ತರವನ್ನು ಮಾತ್ರ ನಾನು ತಳ್ಳಿಹಾಕಲಾರೆ: ಎರಡು ವರ್ಷಗಳಲ್ಲಿ ಯಾನಿಸ್ ಮತ್ತು ಲಿಲರ್ಡ್ ಪ್ಲೇಆಫ್‌ನಲ್ಲಿ ಒಟ್ಟಿಗೆ ಅಂಕಣಕ್ಕೆ ಇಳಿದದ್ದು ಮೂರೇ ಪಂದ್ಯಗಳಲ್ಲಿ. 2024ರಲ್ಲಿ ಯಾನಿಸ್ ಇರಲಿಲ್ಲ. 2025ರ ಮಾರ್ಚ್‌ನಲ್ಲಿ ಲಿಲರ್ಡ್ ಅವರ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿತು. ಅದರಿಂದ ಚೇತರಿಸಿಕೊಂಡು ಇಂಡಿಯಾನಾ ವಿರುದ್ಧದ ಎರಡನೇ ಪಂದ್ಯಕ್ಕೆ ಮರಳಿದರು. ನಾಲ್ಕನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲಿ, ಯಾರೂ ತಾಗದೆ ಇದ್ದರೂ, ಅವರು ನೆಲಕ್ಕೆ ಕುಳಿತು ಎಡಗಾಲಿನ ಹಿಮ್ಮಡಿಯ ಮೇಲ್ಭಾಗವನ್ನು ಹಿಡಿದುಕೊಂಡರು. ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು. ಅಣ್ಣ ಫೋನ್ ಮಾಡಿ, "ನೋಡಿದೆಯಾ?" ಎಂದಷ್ಟೇ ಕೇಳಿದ. ನೋಡಿದ್ದೆ. ಆ ದಿನ ನಾವಿಬ್ಬರೂ ವಾದ ಮಾಡಲಿಲ್ಲ.

ಜುಲೈನಲ್ಲಿ ಬಕ್ಸ್ ಅವರನ್ನು ಬಿಡುಗಡೆ ಮಾಡಿತು. ಉಳಿದಿದ್ದ ಸುಮಾರು 11.3 ಕೋಟಿ ಡಾಲರ್ ಸಂಬಳದ ಹೊರೆಯನ್ನು ಐದು ವರ್ಷಗಳಿಗೆ ಹಂಚಿಕೊಂಡು, ಸಿಕ್ಕ ಅವಕಾಶದಲ್ಲಿ ಇಂಡಿಯಾನಾದ ಸೆಂಟರ್ ಮೈಲ್ಸ್ ಟರ್ನರ್ ಅವರನ್ನು ಕರೆತಂದಿತು. ಲಿಲರ್ಡ್ ಪೋರ್ಟ್‌ಲ್ಯಾಂಡ್‌ಗೆ ಮರಳಿದರು.