ಹಿಡಿದ ಹಣ ಯಾರದು?

ಕೇಳುಗರೇ, ನಮಸ್ಕಾರ.

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಸಂಬಳದ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಒಮ್ಮೆ ಲೇತ್ ಕೆಲಸಗಾರರೊಬ್ಬರು, ಮಗಳ ಮದುವೆಗೆ ಪಿಎಫ್ ಮುಂಗಡ ತೆಗೆಯಬೇಕೆಂದು ನನ್ನ ಬಳಿ ಬಂದರು. ಅವರ ಮೊಬೈಲಿನಲ್ಲೇ ಪಾಸ್‌ಬುಕ್ ತೆರೆದೆ. ಏಳು ತಿಂಗಳ ಹಣ ಬಂದಿರಲಿಲ್ಲ. ಅವರು ಜೇಬಿನಿಂದ ನಾಲ್ಕಾಗಿ ಮಡಿಚಿದ ಸಂಬಳದ ಚೀಟಿಯನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಅಂಚಿನಲ್ಲಿ ಯಂತ್ರದ ಎಣ್ಣೆಯ ಕಲೆ. ‘ಪಿಎಫ್ 1,800’ ಎಂಬ ಸಾಲಿನ ಮೇಲೆ ಬೆರಳಿಟ್ಟು, ‘ಪ್ರತಿ ತಿಂಗಳೂ ಹಿಡಿದಿದ್ದಾರಲ್ಲ ಸಾರ್’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಮಾಲೀಕರು ಕೆಟ್ಟವರಲ್ಲ. ದೊಡ್ಡ ಗಿರಾಕಿಯೊಬ್ಬರ ಬಿಲ್ ಬಾಕಿ ಉಳಿದಿತ್ತು, ಉಕ್ಕು ತರಿಸಲು ಕೈಯಲ್ಲಿ ಕಾಸಿರಲಿಲ್ಲ. ಸಂಬಳದಿಂದ ಹಿಡಿದ ಹಣವನ್ನು ಮುಂದಿನ ತಿಂಗಳು ಕಟ್ಟಿದರಾಯಿತೆಂದು ತಿರುಗಿಸಿಕೊಂಡಿದ್ದರು. ಆದರೆ ಹಾಗೆ ತಿರುಗಿಸಿಕೊಳ್ಳಲು ಅದು ಅವರ ಹಣವಾಗಿರಲಿಲ್ಲ. ಕೆಲಸಗಾರನ ಪಾಲನ್ನು ಹಿಡಿದು ಕಟ್ಟದಿದ್ದರೆ ಕಾನೂನು ಅದನ್ನು ಸಾಲವೆನ್ನುವುದಿಲ್ಲ, ನಂಬಿಕೆ ದ್ರೋಹವೆನ್ನುತ್ತದೆ. ಹಿಂದೆ ಭಾರತೀಯ ದಂಡ ಸಂಹಿತೆಯ 405ನೇ ಕಲಂನಲ್ಲಿದ್ದ ಈ ಮಾತು ಈಗ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂನಲ್ಲಿದೆ.

ಒಬ್ಬ ಕೆಲಸಗಾರನ ಲೆಕ್ಕವನ್ನೇ ನೋಡೋಣ. ತಿಂಗಳಿಗೆ 20,000 ರೂಪಾಯಿ ಸಂಬಳ, ಅದರಲ್ಲಿ ಮೂಲ ವೇತನ 15,000. ಪಿಎಫ್‌ಗೆ ಕೆಲಸಗಾರ, ಮಾಲೀಕ ಇಬ್ಬರಿಂದಲೂ ಮೂಲ ವೇತನದ ಶೇಕಡಾ 12, ಅಂದರೆ ತಲಾ 1,800. ಸಂಬಳ 21,000 ದಾಟದಿದ್ದರೆ ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆ ಸಹ ಉಂಟು. ಕೆಲಸಗಾರನಿಂದ ಶೇಕಡಾ 0.75, ಅಂದರೆ 150 ರೂಪಾಯಿ. ಮಾಲೀಕರಿಂದ ಶೇಕಡಾ 3.25, ಅಂದರೆ 650. ಕೆಲಸಗಾರನ ಕೈಗೆ ಸಿಗುವುದು 18,050. ಮಾಲೀಕರಿಗೆ ತಗಲುವುದು 22,450, ಆಡಳಿತ ಶುಲ್ಕ ಮತ್ತು ವಿಮೆಯ ಸಣ್ಣ ಮೊತ್ತ ಬೇರೆ. ಇಂಥ ಇಪ್ಪತ್ತು ಜನರಿದ್ದರೆ ತಿಂಗಳಿಗೆ 88,000 ರೂಪಾಯಿ ಕಟ್ಟಬೇಕು, ಅದರಲ್ಲಿ 39,000 ಕೆಲಸಗಾರರ ಬೆವರಿನದೇ. ಕೆಲಸಕ್ಕೆ ಜನ ತೆಗೆದುಕೊಳ್ಳುವಾಗ ಎಷ್ಟೋ ಮಾಲೀಕರು 20,000ವನ್ನಷ್ಟೇ ಲೆಕ್ಕ ಹಾಕುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಹತ್ತು ಜನರಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ಹತ್ತೊಂಬತ್ತಕ್ಕೆ ನಿಲ್ಲಿಸಿ ಉಳಿದವರನ್ನು ಗುತ್ತಿಗೆಯವರೆಂದು ತೋರಿಸಿದರೆ ಸಾಕೆಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಕಿವಿಗೊಡಬೇಡಿ. ಗುತ್ತಿಗೆಯವರೂ ಎಣಿಕೆಗೆ ಬರುತ್ತಾರೆ. ಒಮ್ಮೆ ಪಿಎಫ್ ವ್ಯಾಪ್ತಿಗೆ ಬಂದ ಮೇಲೆ ಜನ ಕಡಿಮೆಯಾದರೂ ಹೊಣೆ ಹೋಗುವುದಿಲ್ಲ.

ವೃತ್ತಿ ತೆರಿಗೆ ಸುಲಭ. ತಿಂಗಳಿಗೆ 25,000 ಅಥವಾ ಹೆಚ್ಚು ಸಂಬಳವಿದ್ದವರಿಂದ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300. ವರ್ಷಕ್ಕೆ 2,500, ಸಂವಿಧಾನದ 276ನೇ ವಿಧಿ ಹಾಕಿದ ಮಿತಿಯೂ ಅಷ್ಟೇ. ಸಂಬಳದಲ್ಲಿ ಆದಾಯ ತೆರಿಗೆ ಹಿಡಿದಿದ್ದರೆ ಮುಂದಿನ ತಿಂಗಳು 7ನೇ ತಾರೀಖಿನೊಳಗೆ ಕಟ್ಟಬೇಕು. ಪಿಎಫ್, ಇಎಸ್‌ಐಗೆ 15ನೇ ತಾರೀಖು ಗಡುವು.

ಇನ್ನೊಂದು ಬದಲಾವಣೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮೂಲ ವೇತನವನ್ನು ಚಿಕ್ಕದಾಗಿಸಿ ಭತ್ಯೆಗಳನ್ನು ಉಬ್ಬಿಸುವ ಹಳೆಯ ಉಪಾಯ ಇನ್ನು ನಡೆಯುವುದಿಲ್ಲ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕುತ್ತಾರೆ. ನೇಮಕಾತಿ ಪತ್ರ ಕೊಡುವುದೂ ಕಡ್ಡಾಯ. ಬಾಯಿಮಾತಿನಲ್ಲೇ ಕೆಲಸಕ್ಕೆ ಸೇರಿಸಿಕೊಂಡಿದ್ದರೆ ಈ ವಾರವೇ ಬರೆದುಕೊಡಿ.

ನಾನು ಎಲ್ಲ ಮಾಲೀಕರಿಗೂ ಕೇಳಿಕೊಳ್ಳುವುದು ಒಂದನ್ನೇ. ಸಂಬಳಕ್ಕೆಂದೇ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆಯಿರಿ. ಸಂಬಳದ ದಿನವೇ ಹಿಡಿದ ಹಣವನ್ನೂ ನಿಮ್ಮ ಪಾಲನ್ನೂ ಅದಕ್ಕೆ ಹಾಕಿಬಿಡಿ. ಉಕ್ಕಿನ ಅಂಗಡಿಯವರು ಎಷ್ಟೇ ಒತ್ತಾಯಿಸಲಿ, ಆ ಖಾತೆಯ ಚೆಕ್ ಬರೆಯಬೇಡಿ.

ಆ ಮಾಲೀಕರು ಏಳು ತಿಂಗಳ ಬಾಕಿಯನ್ನು ಶೇಕಡಾ 12ರ ಬಡ್ಡಿಯೊಂದಿಗೆ ಕಟ್ಟಿದರು, ಮೇಲೆ ದಂಡವನ್ನೂ ತೆತ್ತರು. ಅಷ್ಟರಲ್ಲಿ ಮದುವೆ ಮುಗಿದಿತ್ತು. ಹುಡುಗಿಯ ತಂದೆ ಕೈಸಾಲ ಮಾಡಿದ್ದರು. ಅದರ ಬಡ್ಡಿಯನ್ನು ಅವರು ಇಂದಿಗೂ ಕಟ್ಟುತ್ತಿದ್ದಾರೆ.

ನಮಸ್ಕಾರ.