ಡಬ್ಬದ ಮೇಲಿನ ದೊಡ್ಡ ಅಂಕಿ

ಕೇಳುಗರೇ, ನಮಸ್ಕಾರ.

ತುಕ್ಕು ಹಿಡಿದ ನಟ್ ಜೊತೆ ಗುದ್ದಾಡಿದವರಿಗೆ ಗೊತ್ತು. ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ ಜಗ್ಗಿದರೂ ಅದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಇಂಪ್ಯಾಕ್ಟ್ ರೆಂಚ್ ಎಂಬ ಯಂತ್ರ ಹಿಡಿದರೆ ಟಕಟಕ ಸದ್ದಿನ ಜೊತೆಗೇ ನಟ್ ಕೈಗೆ ಬರುತ್ತದೆ. ಅದರ ಒಳಗೊಂದು ಸುತ್ತಿಗೆ ಸುತ್ತುತ್ತಿರುತ್ತದೆ. ನಟ್ ಪಟ್ಟು ಹಿಡಿದ ಕೂಡಲೇ ಸುತ್ತಿಗೆ ಹಿಂದೆ ಸರಿದು, ಮತ್ತೆ ಬಂದು ಬಡಿಯುತ್ತದೆ. ಹೀಗೆ ನಿಮಿಷಕ್ಕೆ ಸಾವಿರಾರು ಏಟು. ಏಟೆಲ್ಲ ನಟ್ಟಿಗೆ, ಕೈಗೆ ಬರೀ ನಡುಕ.

ಬ್ಯಾಟರಿಯ ರೆಂಚ್ ಕೊಳ್ಳಲು ಹೋದರೆ ಡಬ್ಬದ ಮೇಲೆ ದೊಡ್ಡದಾಗಿ ಟಾರ್ಕ್, ಅಂದರೆ ತಿರುಗಿಸುವ ಬಲದ ಅಂಕಿ ಕಾಣುತ್ತದೆ. ಎಷ್ಟೋ ಸಲ ಅದು ಬಿಚ್ಚುವ ಟಾರ್ಕ್. ಬಿಗಿಯುವ ಟಾರ್ಕ್ ಅದಕ್ಕಿಂತ ಕಡಿಮೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಕಾರಿನ ಚಕ್ರದ ನಟ್ಟಿಗೆ ಸಾಮಾನ್ಯವಾಗಿ ಬೇಕಾಗುವುದು 100ರಿಂದ 140 ನ್ಯೂಟನ್ ಮೀಟರ್ ಅಷ್ಟೇ. ಹಳೆಯದಾಗಿ ಕಚ್ಚಿಕೊಂಡಿದ್ದರೆ ಬಿಚ್ಚಲು ಜಾಸ್ತಿ ಬೇಕು, ನಿಜ. ಆದರೆ ಸುಮ್ನೆ ದೊಡ್ಡ ಅಂಕಿ ನೋಡಿ ಕೊಂಡು ನಾನೇ ಒಮ್ಮೆ ಪೆಚ್ಚಾಗಿದ್ದೇನೆ. ಚಕ್ರದ ಹಿಂದಿನ ಬೋಲ್ಟಿಗೆ ಹಿಡಿಯಲು ಹೋದರೆ ರೆಂಚಿನ ತಲೆಯೇ ಒಳಗೆ ತೂರಲಿಲ್ಲ! ಎಕ್ಸ್‌ಟೆನ್ಷನ್ ಎಂಬ ಉದ್ದ ಕಡ್ಡಿ ಹಾಕಿದರೆ ಅರ್ಧ ಏಟನ್ನು ಅದೇ ನುಂಗಿತು. ಹಾಗಾಗಿ ತಲೆಯ ಉದ್ದ ಅಳೆದು ನೋಡಿ. ಸಾಕೆಟ್ ಸಿಕ್ಕಿಸುವ ಚೌಕದ ತುದಿಗೆ ಡ್ರೈವ್ ಎನ್ನುತ್ತಾರೆ. ಚಕ್ರದ ಕೆಲಸಕ್ಕೆ ಅರ್ಧ ಇಂಚಿನ ಡ್ರೈವ್, ಇಂಜಿನ್ ಸಂದುಗೊಂದಿಗೆ ಮೂರು ಎಂಟಾಂಶ (3/8) ಇಂಚಿನದು.

18 ವೋಲ್ಟ್, 20 ವೋಲ್ಟ್ ಎಂದು ತಲೆ ಕೆಡಿಸಿಕೊಳ್ಳಬೇಡಿ. ಎರಡರಲ್ಲೂ ಸಾಲಾಗಿ ಇರುವುದು ಐದೇ ಸೆಲ್. ಒಂದಕ್ಕೆ 3.6 ಎಂದು ಹಿಡಿದರೆ 18, ಪೂರ್ತಿ ಚಾರ್ಜ್ ಆದಾಗ 4 ಎಂದು ಹಿಡಿದರೆ 20. ನೋಡಬೇಕಾದ್ದು ಆಂಪಿಯರ್ ಅವರ್, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಂಕಿ. ಇಂಪ್ಯಾಕ್ಟ್ ರೆಂಚ್ ಒಮ್ಮೆಲೇ ತುಂಬಾ ಕರೆಂಟ್ ಎಳೆಯುತ್ತದೆ. ಚಿಕ್ಕ ಬ್ಯಾಟರಿ ಹಾಕಿದರೆ ಅದೇ ರೆಂಚ್ ಸೊರಗಿದ ಹಾಗೆ ಕಾಣುತ್ತದೆ. ಈಗಾಗಲೇ ಡ್ರಿಲ್ ಇದ್ದರೆ ಅದೇ ಕಂಪನಿಯ ಬ್ಯಾಟರಿ ಹೊಂದುವುದನ್ನೇ ಕೊಳ್ಳುವುದು ಜಾಣತನ, ಅಲ್ವಾ?

ಇನ್ನು ಸಾಕೆಟ್, ಅಂದರೆ ನಟ್ಟಿನ ಮೇಲೆ ಕೂರುವ ಬಟ್ಟಲು. ಫಳಫಳ ಹೊಳೆಯುವ ಕ್ರೋಮ್ ಸಾಕೆಟ್ ಕೈಯಿಂದ ತಿರುಗಿಸುವ ರ್ಯಾಚೆಟ್ ಹಿಡಿಗೆ ಮಾತ್ರ. ಏಟು ತಿಂದರೆ ಅದು ಸೀಳಿ ಚೂರು ಹಾರಬಹುದು. ದಪ್ಪ ಗೋಡೆಯ ಕಪ್ಪು ಇಂಪ್ಯಾಕ್ಟ್ ಸಾಕೆಟ್ಟೇ ಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇರಲಿ. ಚಕ್ರ ಮತ್ತೆ ಕೂರಿಸುವಾಗ ನಟ್ಟುಗಳನ್ನು ಬೆರಳಲ್ಲೇ ನಾಲ್ಕು ಸುತ್ತು ಹತ್ತಿಸಿ, ರೆಂಚಿನಿಂದ ಕಡಿಮೆ ವೇಗದಲ್ಲಿ ಕೂರಿಸಿ, ಕೊನೆಯ ಬಿಗಿತಕ್ಕೆ ಬಲ ಅಳೆದು ಬಿಗಿಯುವ ಟಾರ್ಕ್ ರೆಂಚ್ ಹಿಡಿಯಿರಿ.

ನಮಸ್ಕಾರ.